ಅರ್ಧ ದಿನದ ಅಮ್ಮಂದಿರು

ಬೈಸಿಕೊಳ್ಳುವಾಗ ನಗಬಾರದು. ಗಡಗಡಿಗೆ ಇದು ಗೊತ್ತಿಲ್ಲದ್ದೇನಲ್ಲ. ಇಪ್ಪತ್ತೆರಡು ವರ್ಷದಿಂದ ಆಸ್ಪತ್ರೆಯಲ್ಲಿ ಬೈಸಿಕೊಂಡೇ ಬದುಕಿದವಳು. ಆದರೂ ಆ ಹಾಳು ನಗು ಬಂದೇ ಬಿಡುತ್ತದೆ. ಹೊಟ್ಟೆಯೊಳಗೆ ಗುಳುಗುಳು ಎಂದು ಶುರುವಾಗಿ, ಎದೆಗೆ ಹತ್ತಿ, ಮೂಗಿನಿಂದ ಫುಸ್ ಎಂದು ಹೊರಬೀಳುತ್ತದೆ. ಆಮೇಲೆ ಯಾರಪ್ಪ ಬಂದರೂ ನಿಲ್ಲುವುದಿಲ್ಲ.

ಆ ಬೆಳಿಗ್ಗೆಯೂ ಹಾಗೇ ಆಯಿತು. ಸೂಪರಿಂಟೆಂಡೆಂಟ್ ಸಾಹೇಬರು ಮಕ್ಕಳ ವಾರ್ಡಿನ ನಟ್ಟನಡುವೆ ನಿಂತು, ಗಂಟಲು ಸರಿಮಾಡಿಕೊಂಡು ಹೇಳಿದರು:

"ಹತ್ತು ಗಂಟೆಗೆ ಸಮಿತಿಯೋರು ಬರ್ತಾರೆ. ನಮ್ಮ ವಾರ್ಡಿಗೆ 'ಕುಟುಂಬಸ್ನೇಹಿ ವಾರ್ಡ್' ಅಂತ ಸರ್ಟಿಫಿಕೇಟ್ ಕೊಡೋರಿದಾರೆ. ಅದಕ್ಕೇ, ಕುಟುಂಬದೋರೆಲ್ಲ ಈಗಲೇ ಹೊರಗೆ ನಡೀರಿ."

ಫುಸ್!

"ಯಾರದು ನಕ್ಕಿದ್ದು?"

ಇನ್ಯಾರು? ನೆಲ ಒರೆಸುವ ಕೋಲು ಹಿಡಿದು ಮೂರನೇ ಮಂಚದ ಹತ್ತಿರ ನಿಂತಿದ್ದಳು. ಬಾಯಿ ಮುಚ್ಚಿಕೊಂಡಿದ್ದಳು, ಹೆಗಲು ಮಾತ್ರ ಕುಣಿಯುತ್ತಿತ್ತು.

"ನಿನಗೇನೇ ನಗು? ನಿನ್ನ ಕೆಲಸ ಮಂಚದ ಕೆಳಗೆ. ಮಂಚದ ಮೇಲಿನ ವಿಷಯ ನಿನಗ್ಯಾಕೆ?"

ಮಂಚದ ಕೆಳಗೆ ಅನ್ನುವುದು ಬರೀ ಬೈಗುಳವಲ್ಲ, ಕಾನೂನು. ಗುತ್ತಿಗೆಯ ಆಯಾಗಳ ಕೈ ಹಾಸಿಗೆಗಿಂತ ಮೇಲೆ ಹೋಗಕೂಡದು. ಹೇಲಿನ ಪಾತ್ರೆ ಅವಳದು. ವಾಂತಿ ಅವಳದು. ರಕ್ತ ಅಂಟಿದ ದುಪ್ಪಟಿ ಅವಳದು. ಚಕ್ರ ಸೊಟ್ಟಗಾದ ಆ ಕಬ್ಬಿಣದ ಗಾಡಿಯೂ ಅವಳದು. ಅದು ಮಾಡುವ ಗಡಗಡ ಸದ್ದಿಗೇ ಮಕ್ಕಳು ಅವಳಿಗೆ ಆ ಹೆಸರಿಟ್ಟಿದ್ದು. ಆದರೆ ಜ್ವರದಲ್ಲಿ ನರಳುವ ಮಗುವಿನ ಹಣೆ ಅವಳದಲ್ಲ. ಮುಟ್ಟಿದರೆ ಗಲೀಜು ಹತ್ತುತ್ತದಂತೆ. ಅದೇ ಗಲೀಜನ್ನು ಬರಿಗೈಯಲ್ಲಿ ಬಾಚುವಾಗ ಅವಳ ಕೈಗೆ ಏನಾಗುತ್ತದೆ ಎಂದು ಯಾರೂ ಕೇಳಿದ್ದಿಲ್ಲ.

ಹದಿನಾಲ್ಕು ಮಂಚ, ಹದಿನಾಲ್ಕು ಮಕ್ಕಳು. ನೆಗಡಿ ಜ್ವರದ ಮಕ್ಕಳಲ್ಲ. ಮೂಗಿನ ನಳಿಕೆಯಲ್ಲಿ ಉಣ್ಣುವವರು, ಗಂಟಲಿನ ತೂತಿನಿಂದ ಉಸಿರಾಡುವವರು, ರಕ್ತ ತೊಳೆಸಿಕೊಳ್ಳುವವರು. ಇವರಿಗೆಲ್ಲ ಸೇರಿ ಇಬ್ಬರು ಸಿಸ್ಟರು. ದೊಡ್ಡ ಸಿಸ್ಟರ್, ಚಿಕ್ಕ ಸಿಸ್ಟರ್. ಇಬ್ಬರಿಗೂ ಎರಡೆರಡೇ ಕೈ. ಅದಕ್ಕೇ ದೊಡ್ಡ ಸಿಸ್ಟರ್ ತಾಯಂದಿರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಎಲ್ಲ ಕಲಿಸಿದ್ದರು. ನಳಿಕೆಯಲ್ಲಿ ಗಂಜಿ ಬಿಡುವುದು, ಬೆನ್ನು ಹುಣ್ಣಾಗದ ಹಾಗೆ ಮಗ್ಗುಲು ಬದಲಿಸುವುದು, ಗಂಟಲಿನ ಕಫ ಎಳೆಯುವುದು. ಕಲಿಸಿದ್ದು ಗುಟ್ಟಾಗಿ. ಕಾಗದದ ಮೇಲೆ ತಾಯಂದಿರು ಯಾರೂ ಏನೂ ಅಲ್ಲ. ಅವರ ಜಾಗ ಮಂಚದ ಪಕ್ಕದ ನೆಲ. ದಿನಕ್ಕೆ ಎರಡು ಸಲ, ರೌಂಡ್ಸ್ ಹೊತ್ತಿಗೆ, ಅವರನ್ನು ಮೆಟ್ಟಿಲ ಹತ್ತಿರ ಅಟ್ಟುತ್ತಿದ್ದರು. ಆಗ ಗಡಗಡಿಯ ಕೈ ಮಂಚದ ಮೇಲೂ ಹೋಗುತ್ತಿತ್ತು. ದೊಡ್ಡ ಸಿಸ್ಟರ್ ಆ ಹೊತ್ತಿಗೆ ಸರಿಯಾಗಿ ಕಿಟಕಿಯಾಚೆ ನೋಡುತ್ತಿದ್ದರು.

ಒಂಬತ್ತಕ್ಕೆ ಲಾರಿಯಲ್ಲಿ ಹದಿನಾಲ್ಕು ಕುರ್ಚಿ ಬಂದವು. ಮೆತ್ತೆ ಇರುವ, ನೀಲಿ ಬಣ್ಣದ ಕುರ್ಚಿ. ಹಿಂದೆಯೇ ಲಿಫ್ಟಿನ ಬಾಗಿಲು ತೆರೆಯಿತು. ಒಳಗಿಂದ ಹೆಂಗಸರು ಇಳಿದರು. ಇಸ್ತ್ರಿ ಮಾಡಿದ ಬಟ್ಟೆ, ಬಾಚಿದ ತಲೆ. ಬಿಲ್ಲಿಂಗಿನವಳು, ಎಕ್ಸ್-ರೇಯವಳು, ಸ್ಟೋರಿನವಳು, ಕ್ಯಾಂಟೀನ್ ನೋಡಿಕೊಳ್ಳುವವಳು. ಎಣಿಸಿದರೆ ಹದಿನಾಲ್ಕು ಜನ.

"ಇವರು ಅಮ್ಮಂದಿರು," ಎಂದರು ಸಾಹೇಬರು.

ನಾಲ್ಕನೇ ಮಂಚದ ಗುಂಡನ ತಾಯಿ ನೆಲದಿಂದ ಎದ್ದಳು. ಸಣಕಲು ಹೆಂಗಸು. ನಾಲ್ಕು ದಿನದಿಂದ ಸ್ನಾನ ಕಂಡಿರಲಿಲ್ಲ. ತಾಯಂದಿರಿಗೆ ಇದ್ದದ್ದು ಒಂದು ನಲ್ಲಿ, ಅದಕ್ಕೂ ಬೀಗ.

"ಅವರು ಅಮ್ಮಂದಿರಾದ್ರೆ, ನಾವ್ಯಾರು ಸಾರ್?"

"ನಿಮ್ಮ ಅವತಾರ ಒಂದ್ಸಲ ನೋಡ್ಕೊಳ್ಳಿ. ಸಮಿತಿಯೋರ ಎದುರು ಹೀಗೆ ನಿಲ್ಲಿಸೋಕಾಗತ್ತಾ? ಅರ್ಧ ದಿನ, ಅಷ್ಟೆ. ಬಟ್ಟೆ ಕೋಣೇಲಿ ಕೂತಿರಿ. ಚಹಾ ಕೊಡಿಸ್ತೀನಿ."

ಅಷ್ಟರಲ್ಲಿ ಆಫೀಸಿನವನೊಬ್ಬ ಸೆಂಟಿನ ಡಬ್ಬಿ ಹಿಡಿದು ಬಂದ. ತಾಯಂದಿರು ಮಲಗಿದ್ದ ನೆಲಕ್ಕೆ ಹೊಡೆದ. ಆಮೇಲೆ ತಾಯಂದಿರ ಮೇಲೂ ಹೊಡೆದ. ಮುಖದ ಮೇಲೆ ಬಿದ್ದದ್ದನ್ನು ಗುಂಡನ ತಾಯಿ ಒರೆಸಿಕೊಳ್ಳಲಿಲ್ಲ. ಗುಂಡನ ಮಂಚದ ಕುರ್ಚಿಗೆ ಬಂದು ನಿಂತ ಬಿಲ್ಲಿಂಗಿನವಳ ಕೈ ಹಿಡಿದುಕೊಂಡಳು.

"ಅಕ್ಕಾ, ಇವನಿಗೆ ಮಾತು ಬರಲ್ಲ. ಅಳು ಬಂದ್ರೂ ಸದ್ದು ಬರಲ್ಲ. ಗಂಟಲಲ್ಲಿ ತೂತು ಇದೆಯಲ್ಲ, ಅದರಲ್ಲಿ ಗೊರಗೊರ ಅಂತ ಕೇಳಿದ್ರೆ ತಕ್ಷಣ ಆ ಕಫ ಎಳೆಯೋ ಮಿಷನ್ ಹಾಕಿ..."

"ನಂಗೆ ಇದೆಲ್ಲ ಬರಲ್ಲಮ್ಮ. ನಾನು ಬಿಲ್ಲಿಂಗು. ಸಿಸ್ಟರ್ ಇರ್ತಾರಲ್ವಾ?"

"ಮುಗೀತಾ ನಿಮ್ಮ ಪುರಾಣ? ನಡೀರಿ!" ಎಂದರು ಸಾಹೇಬರು.

ಹದಿಮೂರು ತಾಯಂದಿರು ವಾರ್ಡಿನ ತುದಿಯ ಬಟ್ಟೆ ಕೋಣೆಗೆ ಹೋದರು, ಒಗೆಯದ ದುಪ್ಪಟಿಗಳ ರಾಶಿಯ ಮೇಲೆ ಕೂತರು. ಕಿಟಕಿ ಇಲ್ಲದ ಕೋಣೆ.

"ಚಿಲಕ ಹಾಕು. ಇಲ್ಲೇ ನಿಂತಿರು. ಒಂದು ನೊಣ ಆಚೆ ಬರಕೂಡದು," ಎಂದು ಸಾಹೇಬರು ಗಡಗಡಿಗೆ ಹೇಳಿದರು.

ಗಡಗಡಿ ಹಾಕಿದಳು. ತನ್ನ ಕೈಯಿಂದಲೇ ಹಾಕಿದಳು. ಈ ಮಾತು ಬಿಟ್ಟು ಕಥೆ ಹೇಳಿದರೆ ಅದು ಸುಳ್ಳು ಕಥೆ. ಹೊಟ್ಟೆಪಾಡು ಎಂದುಕೊಂಡಳು. ಅರ್ಧ ದಿನ ತಾನೆ ಎಂದುಕೊಂಡಳು. ಒಳಗಿಂದ ಗುಂಡನ ತಾಯಿ, "ನೀನೂನಾ?" ಎಂದದ್ದು ಕೇಳಿಸಿತು. ಆಗ ಮಾತ್ರ ಅವಳಿಗೆ ನಗು ಬರಲಿಲ್ಲ.

ಈಗ ಲಾಯರ್ ವಿಷಯ ಹೇಳಬೇಕು. ಲಾಯರ್ ಅಂದರೆ ಏಳನೇ ಮಂಚದ ಹುಡುಗಿ. ಒಂಬತ್ತು ವರ್ಷ. ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು, ನಾಲಿಗೆ ಮಾತ್ರ ಭದ್ರವಾಗಿತ್ತು. ಸೂಜಿ ಚುಚ್ಚಲು ಬಂದವರನ್ನೂ "ಯಾವ ಕಾರಣಕ್ಕೆ?" ಎಂದು ಕೇಳದೆ ಬಿಡುವವಳಲ್ಲ. ತಾಯಿ ತೀರಿಹೋಗಿ ಎರಡು ವರ್ಷ. ಅಪ್ಪ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ, ವಾರಕ್ಕೊಮ್ಮೆ ಬಂದರೆ ಹೆಚ್ಚು. ಬೇರೆ ಹದಿಮೂರು ಮಂಚದ ಪಕ್ಕ ಒಬ್ಬೊಬ್ಬರು ಇದ್ದರೆ, ಅವಳ ಮಂಚದ ಪಕ್ಕ ಮೂರು ತಿಂಗಳಿಂದ ಬರೀ ನೆಲ. ಸಾಹೇಬರ ಲೆಕ್ಕದಲ್ಲಿ ಅವಳಿಗೂ ಒಬ್ಬ ಅಮ್ಮ ಸಿಕ್ಕಿದ್ದಳು. ಹುಡುಗಿ ಖುಷಿಯಲ್ಲಿ ತೇಲುತ್ತಿದ್ದಳು.

"ನೀವು ನಮ್ಮಮ್ಮನಾ?" ಎಂದು ಎಕ್ಸ್-ರೇಯವಳನ್ನು ಕೇಳಿದಳು.

"ಹ್ಞೂಂ ಪುಟ್ಟಾ."

"ಯಾವಾಗಿಂದ?"

"ಒಂಬತ್ತೂವರೆಯಿಂದ," ಎಂದಳು ಪಾಪ, ಸುಳ್ಳು ಹೇಳಲು ಬಾರದೆ.

"ಸರಿ. ನಂಗೆ ಇಷ್ಟವಾದ ಬಣ್ಣ ಯಾವುದು?"

"ಕೆಂಪು?"

"ಅಲ್ಲ. ನಾನು ಎಡಗೈಯಲ್ಲಿ ಬರಿಯೋದಾ ಬಲಗೈಯಲ್ಲಾ?"

"ಬಲ... ಎಡ..."

"ಫೇಲ್! ಹೋಗ್ಲಿ ಬಿಡಿ, ತಲೆ ಬಾಚಿ."

ಎಕ್ಸ್-ರೇಯವಳು ತಲೆ ಬಾಚಿದಳು. ಹುಡುಗಿ ಕಣ್ಣು ಮುಚ್ಚಿಕೊಂಡು ಬಾಚಿಸಿಕೊಂಡಳು. ದೂರದಲ್ಲಿ ಚಿಲಕಕ್ಕೆ ಬೆನ್ನು ಕೊಟ್ಟು ನಿಂತಿದ್ದ ಗಡಗಡಿಗೆ ಹೊಟ್ಟೆಯಲ್ಲಿ ಗುಳುಗುಳು ಶುರುವಾಯಿತು.

ಹತ್ತಕ್ಕೆ ಸಮಿತಿ ಬಂತು. ಕನ್ನಡಕದ ಹಿರಿಯಾಕೆ ಒಬ್ಬರು, ಅವರ ಹಿಂದೆ ಬರೆದುಕೊಳ್ಳುವ ಇಬ್ಬರು ಗಂಡಸರು. ಸಾಹೇಬರು ಕೈ ಬೀಸಿ ಬೀಸಿ ತೋರಿಸಿದರು. "ನೋಡಿ ಮೇಡಂ, ಪ್ರತಿ ಮಗುವಿನ ಪಕ್ಕ ತಾಯಿ. ಪ್ರತಿ ತಾಯಿಗೆ ಕುರ್ಚಿ." ಚಿಕ್ಕ ಸಿಸ್ಟರ್ ಕೈಗೆ ಫೈಲುಗಳ ಕಟ್ಟು ಕೊಟ್ಟು ಬಾಗಿಲಲ್ಲಿ ನಿಲ್ಲಿಸಿದ್ದರು. ದೊಡ್ಡ ಸಿಸ್ಟರ್ ಸಮಿತಿಯ ಹಿಂದೆ ತಲೆ ತಗ್ಗಿಸಿ ನಡೆಯುತ್ತಿದ್ದರು. ಅಂದರೆ ಆ ಹೊತ್ತಿಗೆ ಹದಿನಾಲ್ಕು ಮಕ್ಕಳನ್ನು ನೋಡುವವರು ಯಾರೂ ಇರಲಿಲ್ಲ.

ಏಳನೇ ಮಂಚದ ಹತ್ತಿರ ಹಿರಿಯಾಕೆ ನಿಂತರು. ಎಕ್ಸ್-ರೇಯವಳಿಗೆ ಗಾಬರಿ. ಅಮ್ಮ ಅನ್ನುವವಳು ಏನಾದರೂ ಮಾಡಬೇಕಲ್ಲ? ಲೋಟದ ತುಂಬ ನೀರು ಬಗ್ಗಿಸಿದಳು.

"ಕುಡಿ ಕಂದಾ."

ಲಾಯರ್ ಎರಡೂ ಕೈಯಲ್ಲಿ ಲೋಟ ಹಿಡಿದಳು. ದಿನಕ್ಕೆ ಮೂರೇ ಮೂರು ಪುಟ್ಟ ಬಟ್ಟಲು ನೀರು ಅವಳಿಗೆ. ಅದನ್ನೂ ಅಳೆದು ಕೊಡುವುದು. ಮೂರು ತಿಂಗಳಲ್ಲಿ ಯಾರೂ ಅವಳಿಗೆ ತುಂಬಿದ ಲೋಟ ಕೊಟ್ಟಿರಲಿಲ್ಲ. ನೀರನ್ನೇ ನೋಡಿದಳು. ತುಟಿ ನೆಕ್ಕಿಕೊಂಡಳು. ಬಟ್ಟೆ ಕೋಣೆಯ ಬಾಗಿಲ ಕಡೆ ಕಣ್ಣು ಹಾಯಿಸಿದರೆ ಗಡಗಡಿ ಬೇಡ, ಬೇಡ ಎಂದು ತಲೆ ಅಲ್ಲಾಡಿಸುತ್ತಿದ್ದಳು.

"ಅಮ್ಮಾ," ಎಂದಳು ಹುಡುಗಿ ಇಡೀ ವಾರ್ಡಿಗೆ ಕೇಳುವ ಹಾಗೆ, "ಇಷ್ಟೂ ಕುಡಿದ್ರೆ ನಾಳೆ ಹೊತ್ತಿಗೆ ನನ್ನ ಎದೆ ತುಂಬ ನೀರಾಗಿ ಉಸಿರು ಕಟ್ಟತ್ತೆ. ನಿಮಗೆ ಗೊತ್ತಿಲ್ವಾ ಅಮ್ಮಾ? ನೀವು ನಮ್ಮಮ್ಮ ಅಲ್ವಾ ಅಮ್ಮಾ?"

ಬೆರಳು ಅದ್ದಿ ತುಟಿ ಒದ್ದೆ ಮಾಡಿಕೊಂಡು ಲೋಟ ವಾಪಸು ಕೊಟ್ಟಳು. ಎಕ್ಸ್-ರೇಯವಳ ಮುಖ ಬಿಳಿಚಿತು. ಹಿರಿಯಾಕೆಯ ಪೆನ್ನು ನಿಂತಿತು.

"ಹೆಹ್ಹೆ, ಬಹಳ ತಮಾಷೆ ಹುಡುಗಿ," ಎಂದರು ಸಾಹೇಬರು.

ಫುಸ್! ತುದಿಯಿಂದ ಸದ್ದು. ಸಾಹೇಬರು ತಿರುಗಿ ಗಡಗಡಿಯನ್ನು ನುಂಗುವ ಹಾಗೆ ನೋಡಿದರು. ಅವಳು ಕೆನ್ನೆ ಒಳಗಡೆ ಕಚ್ಚಿ ಹಿಡಿದಳು. ಮಕ್ಕಳು ಆಗಲೇ ಕಿಸಿಕಿಸಿ ಎನ್ನುತ್ತಿದ್ದರು.

ಆಗ ಗೊರಗೊರ ಸದ್ದು ಕೇಳಿತು.

ನಾಲ್ಕನೇ ಮಂಚ. ಎರಡು ವರ್ಷದ ಗುಂಡ ಕೈಕಾಲು ಆಡಿಸುತ್ತಿದ್ದ. ಬಾಯಿ ಅಗಲವಾಗಿ ತೆರೆದಿತ್ತು. ಬಿಲ್ಲಿಂಗಿನವಳು ಸಮಿತಿಗೆ ಮುಖ ತಿರುಗಿಸಿ, ಬಾಯಿಪಾಠ ಒಪ್ಪಿಸಿದಳು.

"ನೋಡಿ ಮೇಡಂ, ಹೆಂಗೆ ನಗ್ತಿದಾನೆ. ನಮ್ಮ ಗುಂಡ ಯಾವಾಗ್ಲೂ ನಗುಮುಖ."

ಬಟ್ಟೆ ಕೋಣೆಯ ಒಳಗಿನಿಂದ ಬಾಗಿಲಿಗೆ ಧಡ್ ಎಂದು ಏಟು ಬಿತ್ತು. "ಅವನದು ಕಫ! ಕಟ್ಕೊಂಡಿದೆ! ತೆಗೀರಿ, ಅಯ್ಯೋ ತೆಗೀರಿ!"

ಸಾಹೇಬರು ಎರಡೇ ದಾಪುಗಾಲಿಗೆ ಗಡಗಡಿಯ ಮುಂದೆ ಬಂದರು. ಹಲ್ಲು ಕಚ್ಚಿ ಪಿಸುಗುಟ್ಟಿದರು. "ಚಿಲಕ ಮುಟ್ಟಿದೆಯೋ, ಇವತ್ತೇ ನಿನ್ನ ಕೆಲಸ ಖಲಾಸ್."

"ಆಗ್ಲಿ ಬಿಡಿ," ಎಂದಳು ಗಡಗಡಿ.

ಚಿಲಕ ಎಳೆದಳು. ಕದ ಬಡಿದ ರಭಸಕ್ಕೆ ಸಾಹೇಬರು ಗೋಡೆಗೆ ಹೋಗಿ ಅಂಟಿಕೊಂಡರು. ಹದಿಮೂರು ಹೆಂಗಸರು ನುಗ್ಗಿದರು. ಗುಂಡನ ತಾಯಿ ಬಿಲ್ಲಿಂಗಿನವಳನ್ನು ಕುರ್ಚಿ ಸಮೇತ ಪಕ್ಕಕ್ಕೆ ತಳ್ಳಿದಳು. ಗುಂಡನ ತುಟಿ ನೀಲಿಯಾಗಿತ್ತು. ಅವಳು ಮಿಷನ್ ಹಾಕಿದಳು. ಹೊಸ ನಳಿಕೆಯ ಪೊಟ್ಟಣ ಹರಿದು ಸಿಕ್ಕಿಸಿದಳು. ಗಂಟಲ ತೂತಿಗೆ ಇಳಿಬಿಟ್ಟು, ಬೆರಳು ಒತ್ತಿ, ತಿರುವುತ್ತ ತೆಗೆದಳು. ದೊಡ್ಡ ಸಿಸ್ಟರ್ ಸಮಿತಿಯನ್ನು ಬಿಟ್ಟು ಓಡಿ ಬಂದು ಅವಳ ಪಕ್ಕ ನಿಂತು ಎಣಿಸಿದರು. "ಆರು, ಏಳು, ಎಂಟು, ಸಾಕು, ಉಸಿರಾಡ್ಲಿ. ಹ್ಞಾಂ, ಇನ್ನೊಂದ್ಸಲ." ಅಂಟು ಅಂಟಾದ ಹಳದಿ ಕಫ ಬಾಟಲಿಗೆ ಬಂದು ಬಿತ್ತು. ವಾರ್ಡಿನಲ್ಲಿ ಯಾರೂ ಉಸಿರು ಬಿಡಲಿಲ್ಲ, ಗುಂಡ ಬಿಡುವ ತನಕ.

ಗುಂಡ ಬಿಟ್ಟ. ತುಟಿ ಕೆಂಪಗಾಯಿತು. ತಾಯಿಯನ್ನು ನೋಡಿ ನಿಜವಾಗಿ ನಕ್ಕ. ಅವನ ನಗುವಿಗೆ ಸದ್ದೇ ಇರಲಿಲ್ಲ.

ಹಿರಿಯಾಕೆ ಕನ್ನಡಕ ತೆಗೆದರು. "ನೀವ್ಯಾರಮ್ಮ?"

"ಇವನ ತಾಯಿ."

"ಹಾಗಾದ್ರೆ ಇವರು?"

ಬಿಲ್ಲಿಂಗಿನವಳು ಸಾಹೇಬರನ್ನು ನೋಡಿದಳು, ಮಗುವನ್ನು ನೋಡಿದಳು, ಮುಖ ಮುಚ್ಚಿಕೊಂಡು ಅತ್ತೇಬಿಟ್ಟಳು. "ನಾನು ಬಿಲ್ಲಿಂಗು ಮೇಡಂ. ಬರಲ್ಲ ಅಂದೆ. ಬರ್ಲೇಬೇಕು ಅಂದ್ರು."

ಆಮೇಲೆ ಏಳನೇ ಮಂಚದಿಂದ ಲಾಯರ್ ಕೈ ಎತ್ತಿದಳು.

"ಮೇಡಂ, ನಮ್ಮಮ್ಮ ಎಕ್ಸ್-ರೇ ಸೆಕ್ಷನ್!"

"ನಮ್ಮಮ್ಮ ಸ್ಟೋರು!" ಎಂದಿತು ಎರಡನೇ ಮಂಚ.

"ನಮ್ಮಮ್ಮ ಕ್ಯಾಂಟೀನು! ಬರ್ತಾ ಬಿಸ್ಕತ್ತೇ ತಂದಿಲ್ಲ!"

"ನಮ್ಮಮ್ಮಂಗೆ ನನ್ನ ಹೆಸರೇ ಗೊತ್ತಿಲ್ಲ! ನಂಗೂ ಅವರ ಹೆಸರು ಗೊತ್ತಿಲ್ಲ!"

ಅಷ್ಟೇ. ಗಡಗಡಿಯ ಕಟ್ಟೆ ಒಡೆಯಿತು. ಫುಸ್ ಅಲ್ಲ, ಗಹಗಹ. ಬಾಗಿಲ ಚೌಕಟ್ಟು ಹಿಡಿದು ಬಗ್ಗಿ ಬಗ್ಗಿ ನಕ್ಕಳು. ತಾಯಂದಿರು ನಕ್ಕರು. ಚಿಕ್ಕ ಸಿಸ್ಟರ್ ಕೈಯ ಫೈಲುಗಳೆಲ್ಲ ಚೆಲ್ಲಾಪಿಲ್ಲಿ ಬಿದ್ದವು. ದೊಡ್ಡ ಸಿಸ್ಟರ್ ಬಾಯಿಗೆ ಮುಷ್ಟಿ ಒತ್ತಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ ನಕ್ಕರು. ಎಕ್ಸ್-ರೇಯವಳು ಲಾಯರ್ ಹುಡುಗಿಯನ್ನು ತಬ್ಬಿಕೊಂಡು ನಕ್ಕಳು. ಅಳುತ್ತಿದ್ದ ಬಿಲ್ಲಿಂಗಿನವಳಿಗೂ ನಡುವೆ ನಗು ಬಂದು ಬಿಕ್ಕಳಿಕೆ ಹತ್ತಿತು. ನಗದೇ ಇದ್ದವರು ಸಾಹೇಬರೊಬ್ಬರೇ. ಅವರ ಭುಜಕ್ಕೆ ಗೋಡೆಯ ಸುಣ್ಣ ಅಂಟಿತ್ತು. ಅದನ್ನು ನೋಡಿ ಮಕ್ಕಳು ಮತ್ತೂ ನಕ್ಕರು.

ನಗು ಇಳಿದ ಮೇಲೆ ಹಿರಿಯಾಕೆ ಪುಸ್ತಕ ತೆರೆದರು. "ನಾನು ಎಲ್ಲಾನೂ ಬರ್ಕೊಳ್ತೀನಿ," ಎಂದರು.

"ಬರ್ಕೊಳ್ಳಿ ಮೇಡಂ," ಎಂದಳು ಗುಂಡನ ತಾಯಿ. ನೀಲಿ ಕುರ್ಚಿ ಎಳೆದುಕೊಂಡು ಕೂತಳು. ಮೈಯಲ್ಲಿ ಇನ್ನೂ ಆ ಸೆಂಟಿನ ವಾಸನೆ. "ಇನ್ಮೇಲೆ ನಾವು ಹೊರಗೆ ಹೋಗಲ್ಲ. ರೌಂಡ್ಸ್ ಬರ್ಲಿ, ಸಾಹೇಬರು ಬರ್ಲಿ, ಯಾರಾದ್ರೂ ಬರ್ಲಿ. ಅದನ್ನೂ ಬರ್ಕೊಳ್ಳಿ."

ಉಳಿದ ಹನ್ನೆರಡು ಜನರೂ ಕೂತರು. ಅವರನ್ನು ಯಾರೂ ಎಬ್ಬಿಸಲಿಲ್ಲ. ಹಿರಿಯಾಕೆ ಸರ್ಟಿಫಿಕೇಟ್ ಕೊಡಲಿಲ್ಲ. ಮಗುವಿನ ಜೊತೆಗಿರುವ ತಾಯಿ ಎಷ್ಟು ಹೊತ್ತು ಬೇಕಾದರೂ ಇರಬಹುದು, ಹೆಸರು ಪಟ್ಟಿಯಲ್ಲಿದ್ದರೆ ಸಾಕು ಎಂದು ಬರೆದು ಸಾಹೇಬರ ಕೈಯಲ್ಲಿ ರುಜು ಹಾಕಿಸಿಕೊಂಡರು. ತಿಂಗಳೊಳಗೆ ಮತ್ತೆ ಬರುತ್ತೇನೆ, ಹೇಳದೆ ಬರುತ್ತೇನೆ ಎಂದು ಹೋದರು.

ಸಂಜೆ ನಾಲ್ಕಕ್ಕೆ ಗುತ್ತಿಗೆಯವನು ಗಡಗಡಿಯನ್ನು ಕೆಳಗೆ ಕರೆಸಿದ. ಯೂನಿಫಾರಂ ಬಿಚ್ಚಿಡು, ಬ್ಯಾಡ್ಜ್ ಕೊಡು, ನಾಳೆಯಿಂದ ಬರಬೇಡ. ಏನು ಕಾರಣ ಎಂದು ಕೇಳಿದಳು. "ಕೆಲಸದ ಹೊತ್ತಲ್ಲಿ ನಗ್ತೀಯಂತೆ," ಎಂದ. ಅದಕ್ಕೂ ಅವಳಿಗೆ ನಗು ಬಂತು. ಬೀದಿಗೆ ಬಂದ ಮೇಲೆ ಮಾತ್ರ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತಳು. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಮಕ್ಕಳ ಹೇಲು ಬಾಚಿದ್ದಳು, ಎಷ್ಟು ಮಕ್ಕಳನ್ನು ಬಿಳಿ ದುಪ್ಪಟಿಯಲ್ಲಿ ಸುತ್ತಿ ಕಳಿಸಿದ್ದಳು. ಒಬ್ಬರಾದರೂ ಬಾ ಎಂದು ಕರೆದಿರಲಿಲ್ಲ, ಹೋಗು ಎನ್ನಲು ಮಾತ್ರ ಒಂದು ನಿಮಿಷ ಸಾಕಾಯಿತು. ಕೋಪದಲ್ಲಿ ಮೈ ಉರಿಯಿತು. ಅತ್ತಳು ಕೂಡ.

ಮರುದಿನ ಬೆಳಿಗ್ಗೆ ಏಳಕ್ಕೆ ಅವಳು ಆಸ್ಪತ್ರೆಯ ಗೇಟಿನಲ್ಲಿದ್ದಳು. ಕೆಲಸ ಹೋಗಿದೆ ಎಂದು ಕಾಲಿಗೆ ಯಾರೂ ಹೇಳಿರಲಿಲ್ಲವೋ ಏನೋ. ಗುಂಡನ ಉಸಿರು ಸರಿಯಾಗಿದೆಯಾ ಎಂದು ಒಂದು ಮಾತು ಕೇಳಿಕೊಂಡು, ಪಕ್ಕದ ಬೀದಿಯ ಲಾಂಡ್ರಿಗೆ ಕೆಲಸ ಕೇಳಲು ಹೋಗುವುದು ಎಂದಿತ್ತು.

"ಬಾ ಬಾ, ಲೇಟಾಯ್ತು," ಎಂದ ಗೇಟಿನವನು.

"ಗೇಲಿ ಮಾಡ್ಬೇಡಪ್ಪ. ನನ್ನ ತೆಗೆದುಹಾಕಿದಾರೆ."

"ಆಯಾನ ತೆಗೆದಿದಾರೆ. ಇಲ್ಲಿ ನೋಡು, ಹೊಸ ಪಟ್ಟಿ." ಬೆರಳಿಟ್ಟು ಓದಿದ. "ಏಳನೇ ಮಂಚ. ಜೊತೆಗಿರುವವರು: ತಾಯಿ. ಹೆಸರು: ಗಡಗಡಿ. ಒಪ್ಪಿಗೆ ಇದೆ, ತಂದೆಯ ರುಜು. ನಿನ್ನೆ ಸಂಜೆ ಅಪ್ಪ ಬಂದಿದ್ದ. ಆ ಹುಡುಗಿ ಕೂತು ಬರೆಸಿದ್ದಂತೆ."

ಗಡಗಡಿ ಪಟ್ಟಿಯನ್ನು ಎರಡು ಸಲ ನೋಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೂ ನೋಡಿದಳು.

ವಾರ್ಡಿನಲ್ಲಿ ಅವಳನ್ನು ಕಂಡ ಲಾಯರ್ ಕುರ್ಚಿಯ ಮೆತ್ತೆ ತಟ್ಟಿದಳು. "ಕೂತ್ಕೊ. ಮೊದಲು ಪರೀಕ್ಷೆ. ನಂಗೆ ದಿನಕ್ಕೆ ಎಷ್ಟು ನೀರು?"

"ಮೂರು ಬಟ್ಟಲು. ಅದರಲ್ಲಿ ನೀನು ಒಂದನ್ನ ಕದ್ದು ಬೆಳಿಗ್ಗೇನೇ ಕುಡಿದಿರ್ತೀಯ."

"ಪಾಸ್."

ಅವಳು ಕೂತಳು. ಮೆತ್ತೆ ಬಹಳ ಮೆತ್ತಗಿತ್ತು. ಬೆನ್ನು ಹೇಗೆ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ನಾಲ್ಕನೇ ಮಂಚದ ಹತ್ತಿರ ಗುಂಡನ ತಾಯಿ ಗಂಜಿ ಬಿಡುತ್ತ, "ಒರಗಿ ಕೂತ್ಕೊಳೇ, ಅದೇನೂ ಕಚ್ಚಲ್ಲ," ಎಂದಳು.

ಒಂಬತ್ತಕ್ಕೆ ಸಾಹೇಬರು ರೌಂಡ್ಸಿಗೆ ಬಂದರು. ಒಂದು, ಎರಡು, ಮೂರು ಎಂದು ನೋಡುತ್ತ ಬಂದವರು ಏಳನೇ ಮಂಚದ ಹತ್ತಿರ ನಿಂತುಬಿಟ್ಟರು. ಗಡಗಡಿ ಅಭ್ಯಾಸಬಲದಿಂದ ಏಳಲು ಹೋದಳು. ಲಾಯರ್ ಅವಳ ಬಟ್ಟೆ ಹಿಡಿದು ಜಗ್ಗಿ ಕೂರಿಸಿದಳು.

"ಇವಳು ಇಲ್ಲಿ ಏನು ಮಾಡ್ತಿದಾಳೆ?"

"ನಮ್ಮಮ್ಮ ಸಾರ್," ಎಂದಳು ಲಾಯರ್.

"ಸುಳ್ಳು ಹೇಳ್ಬೇಡ. ಇವಳು ಆಯಾ. ನಿಮ್ಮಮ್ಮ ಹೇಗಾಗ್ತಾಳೆ?"

"ನಿನ್ನೆ ನೀವು ನಂಗೆ ಒಬ್ಬ ಅಮ್ಮನ್ನ ತಂದ್ಕೊಟ್ರಲ್ಲ ಸಾರ್, ಅವರು ಹೇಗಾದ್ರು ಅಂತ ನಾನು ಕೇಳಿದ್ನಾ? ಇವತ್ತು ನಾನೇ ತಂದ್ಕೊಂಡಿದೀನಿ. ನೀವೂ ಕೇಳ್ಬೇಡಿ."

ಸಾಹೇಬರು ದೊಡ್ಡ ಸಿಸ್ಟರ್ ಕಡೆ ತಿರುಗಿದರು. ದೊಡ್ಡ ಸಿಸ್ಟರ್ ಈ ಸಲ ಕಿಟಕಿಯಾಚೆ ನೋಡಲಿಲ್ಲ. ಸಾಹೇಬರ ಮುಖವನ್ನೇ ನೋಡಿದರು.

"ಏಳನೇ ಮಂಚದ ತಾಯಿ ಸಾರ್. ಪಟ್ಟಿಯಲ್ಲಿ ನಾನೇ ಬರ್ದಿದೀನಿ."

ಸಾಹೇಬರು ಎಂಟನೇ ಮಂಚಕ್ಕೆ ಹೋದರು. ಗಡಗಡಿ ಕೂತೇ ಇದ್ದಳು.